ಮರದ ಮನೆಯಿಂದ ಇಳಿಯದ ಸಾಹೇಬರಿಗೆ

ಕಾಡಿನ ವಸತಿಗಳಿಗೆ ಪರವಾನಗಿ ದಯಪಾಲಿಸುವ ಮಾನ್ಯ ಅಧಿಕಾರಿಗಳೇ,

ಮೊದಲು ದೂರು, ಕ್ಷೇಮಸಮಾಚಾರ ಆಮೇಲೆ. ಗೋಲೆಚಾಲ್ ಹಳ್ಳಿಯ ಗೌಹರ್ ಖಾನಮ್ ಅವರ ಮರದ ಮೇಲಿನ ಮನೆಯನ್ನು ತಪಾಸಣೆ ಮಾಡಲು ಹೋದ ತಾವು ಸಂಸಾರ ಸಮೇತ ಅಲ್ಲೇ ಬೀಡುಬಿಟ್ಟಿರಿ. ಅದೇ ಮನೆಯನ್ನು ಅದೇ ದಿನಗಳಿಗೆ ಕಾದಿರಿಸಿದ್ದ ನಾನೂ ನನ್ನ ಅಕ್ಕ ತೂರಾನಳೂ ನಮ್ಮ ರಜೆಯನ್ನೆಲ್ಲ ತಮಗೆ ಚಹಾ ಕೊಡುವುದರಲ್ಲಿ ಕಳೆದೆವು. ತಾವು ಉಂಡು, ತಿರುಗಾಡಿ, ಮೈ ಕೈ ತುಂಬಿಕೊಂಡು ಊರಿಗೆ ಮರಳಿದಿರಿ. ಆ ಮನೆಯ ಪರವಾನಗಿಗೆ ಮಾತ್ರ ತಮ್ಮ ಸಹಿ ಇನ್ನೂ ಬಿದ್ದಿಲ್ಲ. ಬೇಸಿಗೆ ರಜೆ ಶುರುವಾಗುವುದರೊಳಗೆ ಅದು ಬೀಳದಿದ್ದರೆ ಮನೆಗೆ ಬೀಗಮುದ್ರೆ ಹಾಕುತ್ತೇವೆ ಎಂದು ತಮ್ಮ ಕಚೇರಿಯೇ ಎಚ್ಚರಿಕೆ ಕೊಟ್ಟಿದೆ. ಇದನ್ನು ಕಚೇರಿಯಲ್ಲೇ ಹೇಳೋಣವೆಂದು ಬಂದರೆ, "ಸಾಹೇಬ್ರು ಇನ್ನೊಂದು ಕಡೆ ತಪಾಸಣೆಗೆ ಹೋಗಿದಾರೆ" ಎಂಬ ಉತ್ತರ ಬಂತು. ಈ ಸಲ ಯಾರ ಮನೆಯಲ್ಲಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ, ಹಾಗಾಗಿ ಪತ್ರಿಕೆಯವರ ಮೊರೆಹೊಕ್ಕಿದ್ದೇನೆ.

ತಮಗೆ ನನ್ನ ಗುರುತು ಹತ್ತಲಿಕ್ಕಿಲ್ಲ. ಹತ್ತುವುದಾದರೂ ಹೇಗೆ, ತಾವು ನನ್ನನ್ನು ಗೌಹರ್ ಖಾನಮ್ ಅವರ ಅಡುಗೆಯವಳಂತೆಯೇ ನಡೆಸಿಕೊಂಡಿರಲ್ಲ. ನಾನು ರಶ್ತ್ ಪಟ್ಟಣದಲ್ಲಿ ಮದುಮಗಳನ್ನು ಸಿಂಗರಿಸುವವಳು. ನನ್ನ ಹೆಸರು ಫರಂಗೀಸ್. ಈ ಊರಿನಲ್ಲಿ ನನ್ನ ಕೈಯಿಂದ ಹುಬ್ಬು ತಿದ್ದಿಸಿಕೊಳ್ಳದೆ ಮದುವೆಯಾದ ಹೆಣ್ಣು ಅಪರೂಪ, ತಮ್ಮ ಮನೆಯವರನ್ನೇ ಕೇಳಿನೋಡಿ. ನನ್ನ ಅಕ್ಕ ತೂರಾನ್ ಯಾರೆಂದರೆ, ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡವಳು. "ತೂರಾನ್, ನೀರು", "ತೂರಾನ್, ದಿಂಬು", "ತೂರಾನ್, ಕಿಟಕಿ ಮುಚ್ಚು." ಅತ್ತೆ ತೀರಿಕೊಂಡು ನಲವತ್ತನೆಯ ದಿನದ ಕಾರ್ಯ ಮುಗಿದ ಮೇಲೂ ಅವಳು ಊಟದ ನಡುವೆ ಎದ್ದು ಖಾಲಿ ಕೋಣೆಗೆ ಹೋಗಿ ಬರುತ್ತಿದ್ದಳು. ಯಾರೋ ಕರೆದಂತಾಯಿತು ಎನ್ನುತ್ತಿದ್ದಳು.

ಅವಳನ್ನು ಯಾರೂ ಕರೆಯದ ಜಾಗ ಒಂದು ಬೇಕಿತ್ತು. ಹುಡುಕಿದೆ. ಸಮುದ್ರದ ದಂಡೆ ಬೇಡವೆನಿಸಿತು, ಅಲ್ಲಿ ನೆಂಟರಿದ್ದಾರೆ. ಕೊನೆಗೆ ತಾಲೇಶ್ ಬೆಟ್ಟದ ಗೋಲೆಚಾಲ್ ಸಿಕ್ಕಿತು. ಊರಾಚೆ ಒಂದು ಹಳೆಯ ಅಕ್ರೋಟು ಮರ, ಅದರ ಕೊಂಬೆಗಳ ನಡುವೆ ಎರಡು ಹಾಸಿಗೆಯ ಮನೆ, ಕಾಲು ಚಾಚಿ ಕೂರಲು ಜಗುಲಿ. ನಡೆದು ಹೋಗುವಷ್ಟು ದೂರದಲ್ಲೇ ಮೂರು ಜಲಪಾತ. ಮೇಲಿನದರ ಹೆಸರು 'ಮದುಮಗಳು'. ಇಷ್ಟು ವರ್ಷ ಮದುಮಗಳಂದಿರನ್ನು ಸಿಂಗರಿಸಿದವಳು, ಯಾರೂ ಸಿಂಗರಿಸಬೇಕಿಲ್ಲದ ಮದುಮಗಳೊಬ್ಬಳನ್ನು ನೋಡಬೇಕೆಂದು ಆಸೆಪಟ್ಟೆ. ಗಂಟು ಕಟ್ಟುವಾಗ ಅಕ್ಕ ರಾಗ ಎಳೆದಳು.

"ಅಲ್ಲಿ ನಾನೇನು ಮಾಡ್ಲೇ?"

"ಏನೂ ಮಾಡ್ಬೇಡ."

"ಏನೂ ಮಾಡ್ದೆ ಹ್ಯಾಗೆ ಕೂತ್ಕೊಳ್ಳೋದು?"

"ವಾಪಸ್ ಬರೋ ಹೊತ್ತಿಗೆ ಗೊತ್ತಾಗುತ್ತೆ, ನಡಿ."

ಹೋದೆವು. ಮಂಜು ಸರಿದು ಮರ ಕಂಡಿತು, ಮರದ ಮೇಲೆ ಜಗುಲಿ ಕಂಡಿತು, ಜಗುಲಿಯ ಮೇಲೆ ಪಟ್ಟೆ ಪಟ್ಟೆ ಪಾಯಿಜಾಮ ತೊಟ್ಟ ತಾವು ಕಂಡಿರಿ. ಹಿಂದೆಯೇ ತಮ್ಮ ಪತ್ನಿ, ಮಕ್ಕಳು, ಅತ್ತೆಯವರು ಮತ್ತು ಭಾವಮೈದುನ ಒಬ್ಬೊಬ್ಬರಾಗಿ ಇಣುಕಿದರು. ಮರದ ಬುಡದಲ್ಲಿ ಗೌಹರ್ ಖಾನಮ್ ಲಂಗಕ್ಕೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಗಂಡ ಹೋದ ಮೇಲೆ ಇದ್ದ ಒಂದು ಹಸುವನ್ನೂ ಮಾರಿ ಆ ಮನೆ ಕಟ್ಟಿಸಿದ ಹೆಂಗಸು. ನಮ್ಮನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು:

"ತಪ್ಪು ತಿಳ್ಕೋಬೇಡಿ ಮಕ್ಕಳೇ. ತಪಾಸಣೆ ಮುಗಿಸಿ ಸಾಹೇಬ್ರು ಎದ್ರು. 'ಇಷ್ಟು ಬೇಗ ಎಲ್ಲಿಗೆ, ಮನೆ ನಿಮ್ದೇ, ಇದ್ದು ಹೋಗಿ' ಅಂದೆ. ಎಲ್ಲಾರೂ ಅನ್ನೋ ಮಾತಲ್ವಾ? ಅವ್ರು ಕೂತೇಬಿಟ್ರು."

"ಒಂದು ಸಲಾನೂ ಬೇಡ ಅನ್ನಲಿಲ್ವಾ?"

"ಇಲ್ಲಮ್ಮ. 'ಹಾಗಂತೀರಾ' ಅಂದ್ರು, ಫೋನ್ ಮಾಡಿ ಮನೆಯವರನ್ನೆಲ್ಲ ಕರೆಸ್ಕೊಂಡ್ರು."

ಮಾನ್ಯರೇ, ನಾನು ತಾರೂಫಿನ ವಿರೋಧಿಯಲ್ಲ. ಬಾಯಿತುಂಬ ಆ ಉಪಚಾರದ ಮಾತಾಡದೆ ನಾವು ಬಾಗಿಲನ್ನೂ ದಾಟುವುದಿಲ್ಲ. ಟ್ಯಾಕ್ಸಿಯವನು "ನಿಮ್ಮ ಹತ್ರ ಏನು ತಗೊಳ್ಳೋದು, ಬಿಡಿ" ಎನ್ನುತ್ತಾನೆ. ಹಾಗೆಂದ ಮಾತ್ರಕ್ಕೆ ಯಾರಾದರೂ ಇಳಿದು ನಡೆದುಬಿಡುತ್ತಾರೆಯೇ? ನನ್ನ ಅಂಗಡಿಯಲ್ಲಿ ಮದುಮಗಳ ತಾಯಿಗೆ ನಾನೂ ಅದನ್ನೇ ಹೇಳುತ್ತೇನೆ, ಆಕೆ ನಿಜವೆಂದುಕೊಂಡರೆ ಅಂದೇ ಅಂಗಡಿ ಮುಚ್ಚಬೇಕಾದೀತು. ಕರೆಯುವವರು ಮೂರು ಸಲ ಕರೆಯಬೇಕು, ಬಂದವರು ಮೂರು ಸಲ ಬೇಡ ಎನ್ನಬೇಕು. ಅದಾದ ಮೇಲೂ ಕರೆ ನಿಲ್ಲದಿದ್ದರೆ ಅದು ನಿಜವಾದ ಕರೆ. ಇದು ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ವಿಚಾರ. ತಾವು ಯಾವ ತೊಟ್ಟಿಲಲ್ಲಿ ಬೆಳೆದಿರಿ?

ಗೊತ್ತಿಲ್ಲದವರಲ್ಲ ತಾವು, ಅದಕ್ಕೆ ನಾನೇ ಸಾಕ್ಷಿ. ಅಂದು ಜಗುಲಿಯಿಂದ ಬಗ್ಗಿ ನಮ್ಮನ್ನು ನೋಡಿ, "ಬನ್ನಿ ಬನ್ನಿ, ನಮ್ಮ ಜೊತೆಗೇ ಇರಿ, ಜಾಗ ಬೇಕಾದಷ್ಟಿದೆ" ಎಂದಿರಿ. ನಾವು ಕಾದಿರಿಸಿದ ಮನೆಗೆ ನಮ್ಮನ್ನೇ ಅತಿಥಿಗಳನ್ನಾಗಿ ಕರೆದ ತಮ್ಮ ಔದಾರ್ಯಕ್ಕೆ ಬೆರಗಾಗಿ, ಹೆತ್ತವರು ಕಲಿಸಿದಂತೆ ಬೇಡ ಎಂದೆವು. ಮತ್ತೆ ಕರೆದಿರಿ, ಬೇಡ ಎಂದೆವು. ಮತ್ತೊಮ್ಮೆ ಕರೆದಿರಿ, ಬೇಡ ಎಂದೆವು. ನಾಲ್ಕನೆಯ ಕರೆಗೆ ನಾನು ಮೆಟ್ಟಿಲಿಗೆ ಕಾಲಿಟ್ಟು ಕಾಯುತ್ತಿದ್ದೆ. ತಾವು "ಸರಿ ಹಾಗಾದ್ರೆ, ನಿಮ್ಮಿಷ್ಟ" ಎಂದು ಒಳಗೆ ಹೋದಿರಿ. ನಾವು ಗೌಹರ್ ಖಾನಮ್ ಅವರ ಉಗ್ರಾಣದಲ್ಲಿ, ಬೆಳ್ಳುಳ್ಳಿ ಗೊಂಚಲುಗಳ ಕೆಳಗೆ ಹಾಸಿಕೊಂಡು ಮಲಗಿದೆವು. ಇವತ್ತಿಗೂ ನನ್ನ ತಲೆಗೂದಲು ಬೆಳ್ಳುಳ್ಳಿ ನಾರುತ್ತದೆ ಎಂದು ನನ್ನ ಗಂಡ ಕಿಯೂಮರ್ಸ್ ದಿಂಬು ಬೇರೆ ಹಾಕಿಕೊಂಡಿದ್ದಾನೆ.

ಅಷ್ಟು ಜನಕ್ಕೆ ಗೌಹರ್ ಖಾನಮ್ ಒಬ್ಬರೇ ಬೇಯಿಸುವುದನ್ನು ನೋಡಿಕೊಂಡು ಅಕ್ಕ ಹೇಗೆ ಕೂತಾಳು? "ಒಂಚೂರು ಕೈ ಹಚ್ಚಿ ಬರ್ತೀನಿ" ಎಂದು ಅಡುಗೆಮನೆಗೆ ಹೋದವಳು ಹಿಂದಿರುಗಲಿಲ್ಲ. ಅವಳನ್ನು ಎಳೆದು ತರಲು ಹೋದ ನಾನೂ ಬದನೆಕಾಯಿ ಸುಡುತ್ತ ಅಲ್ಲೇ ಉಳಿದೆ. ಆ ಬದನೆಕಾಯಿ ಗೊಜ್ಜು ಮಿರ್ಜಾ ಖಾಸೆಮಿಗೆ ಬೆಳ್ಳುಳ್ಳಿ ಸಾಲದು ಎಂದು ಮೇಲಿನಿಂದ ತಮ್ಮ ಅಪ್ಪಣೆಯಾಯಿತು, ಸಾಲಿಸಿದೆವು. ಅನ್ನದ ತಳ ಇನ್ನಷ್ಟು ಕೆಂಪಗಾಗಲಿ ಎಂದು ತಮ್ಮ ಅತ್ತೆಯವರ ಅಪ್ಪಣೆಯಾಯಿತು, ಕೆಂಪಗೆ ಮಾಡಿದೆವು. ಖಾಲಿ ಲೋಟ ಚಾಚುವಾಗೆಲ್ಲ ತಾವು, "ತೂರಾನ್ ಖಾನಮ್, ನಿಮ್ಮ ಕೈ ನೋಯದಿರಲಿ" ಎಂದು ಹರಸುತ್ತಿದ್ದಿರಿ. ಅವಳ ಕೈ ನೋಯುತ್ತಿತ್ತು ಮಾನ್ಯರೇ. ಅತ್ತೆಯನ್ನು ಎತ್ತಿ ಇಳಿಸಿದ ಕೈ ಅದು, ರಾತ್ರಿ ಬಿಸಿನೀರಿನ ಶಾಖ ಕೊಡದಿದ್ದರೆ ಬೆರಳು ಮಡಚಲು ಬರುವುದಿಲ್ಲ.

ಜಲಪಾತಗಳಿಗೂ ಹೋದೆವು, ತಮ್ಮ ಹಿಂದೆ, ತಮ್ಮ ಚಹಾದ ಫ್ಲಾಸ್ಕು ಮತ್ತು ಸೌತೆಕಾಯಿ ಹೊತ್ತುಕೊಂಡು. ಮೊದಲನೆಯದನ್ನು ನೋಡಿ ತಮ್ಮ ಅತ್ತೆಯವರು ಇದಕ್ಕಿಂತ ನನ್ನ ತವರಿನ ಕೊಳಾಯಿಯೇ ವಾಸಿ ಎಂದರು. ಎರಡನೆಯದರ ಬಳಿ ತಾವೆಲ್ಲ ಮೇಲಿನ ಬಂಡೆಯ ಮೇಲೆ ಕಂಬಳಿ ಹಾಸಿಕೊಂಡು ಕೂತಾಗ ಅಕ್ಕ ಮೆಲ್ಲಗೆ ಕೆಳಗಿಳಿದಳು. ಚಪ್ಪಲಿ ಬಿಚ್ಚಿದಳು. ಒಂದು ಕಾಲನ್ನು ನೀರಿಗಿಟ್ಟು ಕಣ್ಣು ಮುಚ್ಚಿಕೊಂಡಳು. ಅವಳ ಮುಖ ಅಷ್ಟು ಸಡಿಲವಾದದ್ದನ್ನು ನಾನು ಎಷ್ಟೋ ಕಾಲದಿಂದ ನೋಡಿರಲಿಲ್ಲ. ಇನ್ನೊಂದು ಕಾಲು ಇಡುವಷ್ಟರಲ್ಲಿ ಮೇಲಿನಿಂದ ತಮ್ಮ ದನಿ ಬಂತು. "ತೂರಾನ್ ಖಾನಮ್, ಸಕ್ಕರೆ ಡಬ್ಬಿ ಎಲ್ಲಿಟ್ರಿ?" ಅವಳು ಒದ್ದೆ ಕಾಲಿಗೇ ಚಪ್ಪಲಿ ಮೆಟ್ಟಿ ಹತ್ತಿ ಬಂದಳು. ನನಗೆ ಸಿಟ್ಟಿನಿಂದ ಅಳು ಬಂತು. 'ಮದುಮಗಳು' ಜಲಪಾತಕ್ಕೆ ನಾವು ಹೋಗಲೇ ಇಲ್ಲ, ಅಷ್ಟು ಏರಲು ತಮ್ಮ ಭಾವಮೈದುನನಿಗೆ ಮನಸ್ಸಿರಲಿಲ್ಲ.

ಇಲ್ಲಿ ತಾವು ಕೇಳಬಹುದು: ಇಷ್ಟೆಲ್ಲ ಆದರೂ ಎದ್ದು ಹೋಗಿ ಎಂದು ಯಾರೂ ಯಾಕೆ ಹೇಳಲಿಲ್ಲ? ನಾನು ಹೇಳಲು ಹೊರಟಿದ್ದೆ. ಗೌಹರ್ ಖಾನಮ್ ನನ್ನ ತೋಳು ಹಿಡಿದು, "ಬೇಡಮ್ಮ, ಸಹಿ ಆಗ್ಬೇಕಲ್ಲ" ಎಂದರು. ನನ್ನ ವಾದವೆಲ್ಲ ಇರುವುದು ಈ ಒಂದು ಮಾತಿನಲ್ಲಿ. ತಾರೂಫ್ ಸರೀಕರ ಆಟ. ನಾನು ಕರೆದು ನೀವು ಬೇಡ ಎಂದು, ನೀವು ಕರೆದು ನಾನು ಬೇಡ ಎಂದು, ಇಬ್ಬರ ಮಾನವೂ ಉಳಿಯುತ್ತದೆ. ಒಬ್ಬರ ಕೈಯಲ್ಲಿ ಮುದ್ರೆ, ಇನ್ನೊಬ್ಬರ ಕೈಯಲ್ಲಿ ಅರ್ಜಿ ಇದ್ದಾಗ ಅದು ಆಟವಾಗುವುದು ಹೇಗೆ? ಆಕೆ 'ಹೋಗಿ' ಎನ್ನಲಾರದವಳು. ಆದ್ದರಿಂದ ಆಕೆ 'ಇರಿ' ಎಂದದ್ದಕ್ಕೆ ಬೆಲೆಯಿಲ್ಲ. ಮುದ್ರೆ ಹಿಡಿದವರಿಗೆ ಉಪಚಾರದ ಮಾತನ್ನು ನಂಬುವ ಹಕ್ಕಿಲ್ಲ ಎಂದು ನಾನು ಭಾವಿಸುತ್ತೇನೆ. ತಮ್ಮ ಕಚೇರಿಯ ನಿಯಮಾವಳಿಯಲ್ಲಿ ಮೆಟ್ಟಿಲಿನ ಅಗಲ ಎಷ್ಟಿರಬೇಕು ಎಂಬುದಿದೆ, ಇದಿಲ್ಲ.

ಇನ್ನು ಕಡೆಯ ದಿನದ ಊಟ. ಹೊರಡುವ ಗಡಿಬಿಡಿಯಲ್ಲಿ ತಾವು ಮರೆತಿದ್ದರೆ ನೆನಪಿಸುತ್ತೇನೆ. ಅಕ್ಕ ಮಾಡಿದ ಸಬ್ಬಸಿಗೆ ಅವರೆಯ ಸಾರನ್ನು ಎರಡು ಸಲ ಬಡಿಸಿಕೊಂಡು ತಾವು ಉದಾರವಾಗಿ ಹೇಳಿದಿರಿ:

"ತೂರಾನ್ ಖಾನಮ್, ನೀವು ನಮ್ಮನೆಗೆ ಬರ್ಲೇಬೇಕು. ಮನೆ ನಿಮ್ದೇ ಅಂದ್ಕೊಳ್ಳಿ."

ಅಕ್ಕ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ತಮ್ಮ ಎದುರೇ ಕಾಲು ಮಡಚಿ ಕೂತಳು.

"ಯಾವಾಗ ಬರ್ಲಿ?"

"ಯಾವಾಗ ಬೇಕಾದ್ರೂ ಬನ್ನಿ, ಕೇಳೋದೇನಿದೆ. ನಿಮ್ಮ ಪಾದ ನಮ್ಮ ಕಣ್ಣ ಮೇಲೆ."

"ಬರೋ ವಾರದ ಶುಕ್ರವಾರ ಆಗುತ್ತಾ?"

ತಮ್ಮ ಪತ್ನಿ ತಮ್ಮತ್ತ ನೋಡಿದರು. ತಾವು ಅನ್ನದತ್ತ ನೋಡಿದಿರಿ.

"ಶುಕ್ರವಾರ... ಆಗ್ಬಹುದು."

"ಅಂಗಳ ಇದೆ ಅಂದ್ರಲ್ಲ ನಿಮ್ಮನೇಲಿ?"

"ಇದೆ."

"ಒಳ್ಳೇದು. ನಾನು ಅಲ್ಲಿ ಕೂತ್ಕೋತೀನಿ. ಚಹಾ ನನಗೆ ಗಟ್ಟಿ ಇರ್ಬೇಕು. ತಂಗಿ, ಗೌಹರ್ ಖಾನಮ್, ಅವರ ಮಕ್ಕಳು ಮರಿ ಎಲ್ಲಾ ಬರ್ತಾರೆ. ಒಂದು ವಾರ ಇದ್ದು ಹೋಗ್ತೀವಿ."

ಜನ್ಮದಲ್ಲಿ ಯಾರಿಗೂ ಇಲ್ಲ ಎನ್ನದವಳು, ಆ ದಿನ ಮೊದಲ ಸಲ ತನಗಾಗಿ ಹೂಂ ಎಂದದ್ದನ್ನು ನೋಡಿ ನಗು ತಡೆಯಲಾಗದೆ ಉಗ್ರಾಣಕ್ಕೆ ಓಡಿದೆ. ಊರಿಗೆ ಬರುವ ದಾರಿಯಲ್ಲಿ, "ನಿಜವಾಗ್ಲೂ ಹೋಗ್ತೀಯೇನೇ ಅಕ್ಕಾ?" ಎಂದು ಕೇಳಿದೆ. "ಅಷ್ಟು ಪ್ರೀತಿಯಿಂದ ಕರೆದಿದಾರೆ, ಹೋಗದಿದ್ರೆ ನೊಂದ್ಕೋತಾರೆ" ಎಂದಳು.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಗೌಹರ್ ಖಾನಮ್ ಅವರ ಮನೆಯ ಮೆಟ್ಟಿಲನ್ನು ತಾವೂ ತಮ್ಮ ಅತ್ತೆಯವರೂ ದಿನಕ್ಕೆ ಹತ್ತು ಸಲ ಹತ್ತಿ ಇಳಿದಿದ್ದೀರಿ, ಅದು ಗಟ್ಟಿಯಿದೆ ಎಂಬುದಕ್ಕೆ ಇನ್ನೇನು ತಪಾಸಣೆ ಬೇಕು? ಸಹಿ ಹಾಕಿ. ತಪಾಸಣೆಗೆ ಹೋದವರು ಮುದ್ರೆ ಒತ್ತಿದ ಮೇಲೆಯೇ ಚಹಾ ಮುಟ್ಟಬೇಕೆಂದು ನಿಯಮಾವಳಿಗೆ ಒಂದು ಸಾಲು ಸೇರಿಸಿ. ಗುರುವಾರದೊಳಗೆ ಪರವಾನಗಿ ಗೌಹರ್ ಖಾನಮ್ ಅವರ ಕೈ ಸೇರಿದರೆ, ಅಕ್ಕನನ್ನು ಕರೆದುಕೊಂಡು ನಾನು ಗೋಲೆಚಾಲ್ ಬೆಟ್ಟ ಹತ್ತುತ್ತೇನೆ. ಸೇರದಿದ್ದರೆ ಶುಕ್ರವಾರ ಬೆಳಗಿನ ತಿಂಡಿಗೆ ತಮ್ಮ ಅಂಗಳದಲ್ಲಿರುತ್ತೇವೆ. ನನ್ನ ಅತ್ತೆಯವರೂ ಬರುತ್ತಾರೆ, ಅವರಿಗೆ ಅನ್ನದ ತಳ ಕೆಂಪಗಿರಬೇಕು. ಕಿಯೂಮರ್ಸ್‌ನ ಗೊರಕೆಗೆ ಒಂದು ಪ್ರತ್ಯೇಕ ಕೋಣೆ ಬೇಕು. ಅಕ್ಕನಿಗೆ ಎರಡೂ ಜಾಗ ಒಪ್ಪಿಗೆ, ಆಯ್ಕೆ ತಮ್ಮದು.

ಬೇಡ ಎಂದು ತಾವು ಹೇಳಿಕಳಿಸಬಹುದು. ಮೊದಲ ಮೂರು ಸಲ ಅದನ್ನು ನಾವು ತಾರೂಫ್ ಎಂದೇ ತಿಳಿಯುತ್ತೇವೆ.

ಇಂತಿ,
ತಾವು ಹೆಸರು ಕೇಳಲು ಮರೆತ, ತಮ್ಮ ಲೋಟಗಳನ್ನು ತೊಳೆದು ಇನ್ನೂ ಸೊಂಟ ಹಿಡಿದುಕೊಂಡಿರುವ
ಫರಂಗೀಸ್
ಮದುಮಗಳ ಸಿಂಗಾರದವಳು, ರಶ್ತ್