ನಾನು ಮರೆಯದ ಪಾಸ್‌ವರ್ಡ್

ತಂಗಿಯ ಮನೆಯಿಂದ,
ಭಾನುವಾರ, ಮಾರ್ಚ್ 9

ನಮ್ಮ ಮನೆಯ ಕಂಪ್ಯೂಟರ್ ಪಂಡಿತರಿಗೆ,

ನಮಸ್ಕಾರ. ಕ್ಷೇಮವೇ ಎಂದು ಕೇಳುವುದಿಲ್ಲ. ನಿಮ್ಮಂಥವರಿಗೆ ಏನೂ ಆಗುವುದಿಲ್ಲ. ಶುಕ್ರವಾರ ನಾನು ಕೋರ್ಟಿನಿಂದ ಬಂದವಳೇ ಪೆಟ್ಟಿಗೆ ತುಂಬಿಕೊಂಡು ಹೊರಟದ್ದು ಯಾಕೆಂದು ತಿಳಿಯದೆ ನೀವು ತಂಗಿಗೆ ಫೋನ್ ಮಾಡಿದಿರಿ. “ಅವಳಿಗೆ ಮರೆವು ಜಾಸ್ತಿಯಾಗಿದೆ, ಏನೇನೋ ಹೇಳ್ತಾಳೆ, ಸ್ವಲ್ಪ ನೋಡ್ಕೊಳಮ್ಮ” ಎಂದಿರಿ. ನಾನು ಪಕ್ಕದಲ್ಲೇ ಕೂತು ಮಗುವಿನ ಬಟ್ಟೆ ಮಡಿಸುತ್ತಿದ್ದೆ, ಎಲ್ಲವೂ ಕೇಳಿಸಿತು. ನಿಮ್ಮ ದನಿಯಲ್ಲಿದ್ದ ಆ ಕರುಣೆಗೆ ನನಗೆ ಹೇಸಿಗೆಯಾಯಿತು.

ಹಾಗಾಗಿ ಏನೇನೋ ಹೇಳದೆ, ಆದದ್ದನ್ನೇ ಬರೆಯುತ್ತಿದ್ದೇನೆ.

ಕಳೆದ ಜೂನಿನಲ್ಲಿ ತಂಗಿಯ ಹೆರಿಗೆಗೆ ಬಂದು, ವಾಪಸಾದ ಮರುದಿನ ನಾನು ಕಂಪ್ಯೂಟರಿನ ಮುಂದೆ ಕೂತೆ. ಬೆರಳುಗಳು ತಾವಾಗಿಯೇ ಒತ್ತುವಷ್ಟು ಹಳೆಯ ಪಾಸ್‌ವರ್ಡ್. ತಪ್ಪು ಎಂದಿತು. ಎಷ್ಟು ಸಲ ಹಾಕಿದರೂ ತಪ್ಪೇ. ನೀವು ಹಿಂದೆ ಬಂದು ನಿಂತು, “ಮರ್ತಿದೀಯ ಬಿಡು, ವಯಸ್ಸಾಯ್ತಲ್ಲ” ಎಂದಿರಿ. ಹಳೆಯ ಖಾತೆ ಕೆಟ್ಟಿದೆ, ಅದನ್ನು ಮುಟ್ಟಬೇಡ ಎಂದು ಹೇಳಿ ಬೇರೆ ಖಾತೆ ಮಾಡಿಕೊಟ್ಟಿರಿ. ಅದರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ಒಂದನೇ ತರಗತಿಯ ಮಗುವಿಗೆ ಮಾಡುವ ಹಾಗೆ, ಪರದೆಯ ಅಂಚಿಗೆ ಅಂಟಿಸಿದಿರಿ. ನಾನು ಥ್ಯಾಂಕ್ಸ್ ಬೇರೆ ಹೇಳಿದೆ.

ನನ್ನಂಥ ಕೋರ್ಟ್ ದುಭಾಷಿಗೆ ನೆನಪೇ ಬಂಡವಾಳ. ಸಾಕ್ಷಿ ಒಂದು ಭಾಷೆಯಲ್ಲಿ ಹೇಳಿದ್ದನ್ನು ಹಿಡಿದಿಟ್ಟುಕೊಂಡು ಇನ್ನೊಂದರಲ್ಲಿ ಒಪ್ಪಿಸಬೇಕು; ನಾನೊಂದು ಮಾತು ನುಂಗಿದರೆ ಯಾರೋ ಜೈಲಿಗೆ ಹೋಗುತ್ತಾರೆ. ನಮ್ಮಜ್ಜಿ ಕೊನೆಗಾಲದಲ್ಲಿ ಹೆತ್ತ ಮಕ್ಕಳನ್ನೇ ಯಾರು ನೀವು ಎಂದು ಕೇಳುತ್ತಿದ್ದುದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನನಗೂ ಮರೆವು ಶುರುವಾಗಿದೆ ಎಂದು ನಿಮ್ಮ ಅಕ್ಕನ ಕಿವಿಗೆ ಊದಿದಿರಿ, ನನ್ನಮ್ಮನ ಕಿವಿಗೂ ಊದಿದಿರಿ. ಅಂದಿನಿಂದ ಅಮ್ಮ ದಿನಾ ಫೋನ್ ಮಾಡಿ, “ನಾನ್ಯಾರು ಹೇಳು ನೋಡೋಣ” ಎಂದು ಕೇಳುತ್ತಾಳೆ. ಕೇಳುವುದು ತಮಾಷೆಯಾಗಿ, ಆದರೆ ನಾನು ಉತ್ತರ ಕೊಡುವವರೆಗೂ ಅವಳು ಉಸಿರು ಬಿಡುವುದಿಲ್ಲ. ನಾನೂ ಹೆದರಿದೆ. ದೊಡ್ಡ ಕೇಸುಗಳನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟು ಬಾಡಿಗೆ ತಕರಾರು, ಬೇಲಿ ಜಗಳಗಳಿಗೆ ಇಳಿದೆ. ಈ ತಿಂಗಳ ಕೊನೆಗೆ ನಾನು ಕೆಲಸವನ್ನೇ ಬಿಡಬೇಕೆಂದು ನೀವು ತೀರ್ಮಾನಿಸಿದಿರಿ, ನಾನು ಹೂಂ ಎಂದೆ.

ಶುಕ್ರವಾರ ದೊಡ್ಡ ಕೇಸೊಂದರ ದುಭಾಷಿಗೆ ಜ್ವರ ಬಂದದ್ದರಿಂದ ನನ್ನನ್ನು ಕೂರಿಸಿದರು. ಗೋದಾಮಿನ ಗುಮಾಸ್ತನೊಬ್ಬನ ಮೇಲೆ ಆರೋಪ. ಅವನ ಖಾತೆಗೆ ಲಾಗಿನ್ ಆಗಿ ಯಾರೋ ಸರಕಿನ ಲೆಕ್ಕ ತಿದ್ದಿದ್ದರು. ಕಟಕಟೆಯಲ್ಲಿದ್ದವರು ಕಂಪ್ಯೂಟರ್ ತಜ್ಞೆ. ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಆಪರೇಟಿಂಗ್ ಸಿಸ್ಟಂ ಯಾರ ಪಾಸ್‌ವರ್ಡನ್ನೂ ಇದ್ದ ಹಾಗೆ ಇಟ್ಟುಕೊಳ್ಳುವುದಿಲ್ಲವಂತೆ. ಅದನ್ನು ಹಿಟ್ಟು ಮಾಡಿ ಆ ಹಿಟ್ಟನ್ನು ಮಾತ್ರ ಇಡುತ್ತದಂತೆ. ಲಾಗಿನ್ ಮಾಡುವಾಗ ನಾವು ಒತ್ತಿದ್ದನ್ನೂ ಅದೇ ಬೀಸುಕಲ್ಲಿಗೆ ಹಾಕಿ, ಹಿಟ್ಟಿಗೆ ಹಿಟ್ಟು ಹೊಂದಿದರೆ ಬಾಗಿಲು ತೆರೆಯುತ್ತದೆ. ಹಿಟ್ಟಿನಿಂದ ಕಾಳು ವಾಪಸು ಬರುವುದಿಲ್ಲ. ಹಾಗಾದರೆ ಕಂಪ್ಯೂಟರಿನ ಮೇಲ್ವಿಚಾರಕ ಇನ್ನೊಬ್ಬರ ಪಾಸ್‌ವರ್ಡನ್ನು ಓದಬಹುದೇ ಎಂದು ವಕೀಲರು ಕೇಳಿದರು. ಓದಲಾರ, ಆದರೆ ಹಳೆಯದನ್ನು ಕಿತ್ತೆಸೆದು ತನಗೆ ಬೇಕಾದದ್ದನ್ನು ಕೂರಿಸಬಲ್ಲ ಎಂದರು ಅವರು. ಆಮೇಲೆ ಖಾತೆಯ ಒಡೆಯ ಬಂದು ತನ್ನ ಸರಿಯಾದ ಪಾಸ್‌ವರ್ಡನ್ನೇ ಹಾಕಿದರೂ ಯಂತ್ರ ತಪ್ಪು ಎನ್ನುತ್ತದೆ. ಪಾಪ, ಅವನು ತಾನೇ ಮರೆತೆ ಅಂದುಕೊಳ್ಳುತ್ತಾನೆ.

ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, “ಏನಮ್ಮಾ, ಮಾತು ತಪ್ಪಿಹೋಯ್ತಾ?” ಎಂದು ಕೇಳಿದರು. ಇಲ್ಲ ಎಂದೆ. ತಜ್ಞೆ ಹೇಳಿದ್ದಷ್ಟನ್ನೂ ಒಂದಕ್ಷರ ಬಿಡದೆ ಒಪ್ಪಿಸಿದೆ. ನಿಮ್ಮ ಮರೆಗುಳಿ ಹೆಂಡತಿ!

ಪಾಸ್‌ವರ್ಡ್ ಕೊನೆಯ ಸಲ ಬದಲಾದ ತಾರೀಖನ್ನು ಯಂತ್ರ ಬರೆದಿಟ್ಟುಕೊಂಡಿರುತ್ತದೆ, ಒಂದು ಸಾಲಿನ ಆಜ್ಞೆ ಕೊಟ್ಟರೆ ಹೇಳುತ್ತದೆ ಎಂದೂ ಅವರು ಹೇಳಿದ್ದರು. ಮನೆಗೆ ಬಂದು ಆ ‘ಕೆಟ್ಟ’ ಖಾತೆಯ ಬಗ್ಗೆ ಯಂತ್ರವನ್ನೇ ಕೇಳಿದೆ. ತಂಗಿಯ ಮಗಳು ಹುಟ್ಟಿದ ದಿನದ ತಾರೀಖು ಬಂತು. ಅಂದು ನಾನು ಹೆರಿಗೆ ವಾರ್ಡಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಮನೆಯಲ್ಲಿದ್ದವರು ನೀವೊಬ್ಬರೇ, ಆ ಕಂಪ್ಯೂಟರಿಗೆ ಮೇಲ್ವಿಚಾರಕರೂ ನೀವೊಬ್ಬರೇ.

ಯಾಕೆ ನುಗ್ಗಿದಿರೆಂದು ನನಗೆ ಗೊತ್ತು. ಫೋನಿನಲ್ಲಿ ನಾನು ಯಾರ ಜೊತೆ ನಗುತ್ತೇನೆ ಎಂಬ ಅನುಮಾನ ನಿಮ್ಮನ್ನು ಕೊರೆಯುತ್ತಿತ್ತು. ಒಳಗೆ ಸಿಕ್ಕಿದ್ದೇನು? ಕಾನೂನಿನ ಪದಗಳ ಪಟ್ಟಿಗಳು. ಬೆಟ್ಟ ಅಗೆದು ಇಲಿ ಹಿಡಿದಿರಿ, ಆ ಇಲಿಯೂ ಸತ್ತದ್ದು. ನಗು ಬರುವುದು ಇನ್ನೊಂದಕ್ಕೆ. ಫೈಲು ನೋಡುವುದಕ್ಕಷ್ಟೇ ಆದರೆ ಮೇಲ್ವಿಚಾರಕನಿಗೆ ಪಾಸ್‌ವರ್ಡಿನ ತಂಟೆಯೇ ಬೇಡ, ತನ್ನ ಖಾತೆಯಿಂದಲೇ ತೆರೆಯಬಹುದಂತೆ. ನಿಮಗೆ ಅದೂ ಗೊತ್ತಿರಲಿಲ್ಲ! ನೆಂಟರ ಮನೆಗಳಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಕಂಪ್ಯೂಟರ್ ಪಾಠ ಹೇಳಿದಿರಲ್ಲ, ಒಂದು ಕಳ್ಳತನವನ್ನಾದರೂ ನೆಟ್ಟಗೆ ಮಾಡಬಾರದಿತ್ತೇ? ಸಿಕ್ಕಿಬೀಳುವ ಹೆದರಿಕೆಯಾದಾಗ ನನ್ನ ತಲೆಯೇ ಕೆಟ್ಟಿದೆ ಎಂದುಬಿಟ್ಟಿರಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿಮಗೆ ಡೊಂಕಾಗಿ ಕಾಣಲು ನನ್ನ ಬುದ್ಧಿಯೇ ಬೇಕಾಯಿತು.

ಅನುಮಾನವನ್ನು ಕ್ಷಮಿಸುತ್ತಿದ್ದೆನೇನೋ. ಕ್ಷಮಿಸಲಾಗದ್ದು ಒಂಬತ್ತು ತಿಂಗಳು ನೀವು ಅಷ್ಟು ಆರಾಮಾಗಿ ಉಂಡು ಮಲಗಿದ್ದು.

ಈಗ ಒಂದು ಕೆಲಸ ಮಾಡಿ. ಈ ಪತ್ರ ಮುಟ್ಟಿದ ದಿನವೇ ಅಮ್ಮನಿಗೆ ಫೋನ್ ಮಾಡಿ, ಆದದ್ದನ್ನು ನಿಮ್ಮ ಬಾಯಿಂದಲೇ ಹೇಳಿ. ನಾನು ಹೇಳಿದರೆ ಅವಳು ನಂಬುವುದಿಲ್ಲ. ಅದೂ ರೋಗದ ಮಾತೇ ಎಂದುಕೊಳ್ಳುತ್ತಾಳೆ, ಅಷ್ಟು ಚೆನ್ನಾಗಿ ಊದಿದ್ದೀರಿ. ನಿಮ್ಮ ಅಕ್ಕನಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಕೆಲಸ ಬಿಡುವುದಿಲ್ಲವೆಂದು ಕೋರ್ಟಿಗೆ ತಿಳಿಸಿದ್ದೇನೆ. ಗೋದಾಮಿನ ಕೇಸು ಮುಗಿಯುವವರೆಗೂ ನಾನೇ. ಆ ಮನೆಗೆ ನಾನು ವಾಪಸು ಬರುವುದಿಲ್ಲ.

ಇಂತಿ,
ನೆನಪು ನೆಟ್ಟಗಿರುವ, ಇನ್ನು ನಿಮ್ಮವಳಲ್ಲದ,
ದುಭಾಷಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಮನಸ್ಸಾಗದೆ ಬಿಟ್ಟದ್ದು. ಕಳೆದ ತಿಂಗಳು ನಿಮಗೆ ಹೇಳದೆ ನಾನು ನರರೋಗದ ಡಾಕ್ಟರ ಹತ್ತಿರ ಹೋಗಿದ್ದೆ. ಎಲ್ಲ ಪರೀಕ್ಷೆ ಮಾಡಿ, “ನಿಮಗೇನೂ ಆಗಿಲ್ಲ, ಪಾಸ್‌ವರ್ಡ್ ಯಾರು ಮರೆಯಲ್ಲ ಹೇಳಿ” ಎಂದು ನಕ್ಕು ಕಳಿಸಿದರು. ನಿಮಗೆ ಹೇಳಬೇಕೆಂದೇ ಓಡೋಡಿ ಬಂದೆ. ನೀವು ಗೇಟಿನಲ್ಲಿ ನಿಂತಿದ್ದಿರಿ. “ಎಲ್ಲಿಗೆ ಹೋಗಿದ್ದೆ? ದಾರಿ ತಪ್ಪಿಸ್ಕೊಂಡೆ ಅಂತ ಜೀವ ಹೋದಂಗಾಗಿತ್ತು” ಎಂದು ನನ್ನ ಕೈ ಹಿಡಿದುಕೊಂಡಿರಿ. ಮದುವೆಯಾದಾಗಿನಿಂದ ನೀವು ನನಗಾಗಿ ಕಾದು ನಿಂತದ್ದನ್ನು ನಾನು ಕಂಡಿರಲಿಲ್ಲ. ಹೇಳಲಿಲ್ಲ. ಅಮ್ಮನಿಗೂ ಹೇಳಲಿಲ್ಲ, ಹೇಳಿದರೆ ನಿಮಗೆ ಗೊತ್ತಾಗಿಬಿಡುತ್ತಿತ್ತು. ಆಮೇಲೆ ಎರಡು ಸಲ ಬೀಗದ ಕೈಯನ್ನು ಬೇಕೆಂದೇ ಮರೆತು ಹೋದೆ. ಎರಡು ಸಲವೂ ನೀವು ಬಸ್‌ಸ್ಟಾಪಿನವರೆಗೆ ಓಡಿ ಬಂದು ಕೊಟ್ಟಿರಿ.