ಕೊಲೆಗಾರನನ್ನು ಬದಲಾಯಿಸಿದ್ದು

ಮನೆ, ಗುರುವಾರ ಮಧ್ಯಾಹ್ನ

ನನ್ನ ಮುದ್ದು ಟೇಪೂ,

ಹೇಗಿದ್ದೀಯ? ಕೆಮ್ಮು ಬಿಟ್ಟಿತಾ? ಕೂತು ಊಟ ಮಾಡುತ್ತೀಯೋ, ನಿಂತುಕೊಂಡೇ ಮುಗಿಸುತ್ತೀಯೋ? ನಾನು ಗಟ್ಟಿಮುಟ್ಟಾಗಿದ್ದೇನೆ. ನಿಮ್ಮಪ್ಪನ ಕಣ್ಣು ಮಾತ್ರ ಇನ್ನಷ್ಟು ಮಂಜಾಗಿದೆ. ನೀನು ಅಳತೆ ಟೇಪು ಎಳೆದು ಆಡುತ್ತಿದ್ದ ಆ ಹೊಲಿಗೆ ಯಂತ್ರದ ಮುಂದೆ ಕೂತು ಹಳೇ ಗಿರಾಕಿಗಳ ಜೊತೆ ಹರಟೆ ಹೊಡೆಯುವುದಷ್ಟೇ ಈಗ ಕೆಲಸ. ಪೊರೆ ತೆಗೆಸಿಕೊಳ್ಳಿ ಅಂದರೆ, ಕತ್ತರಿ ಹಾಕಿಸಿಕೊಳ್ಳಲು ನಾನೇನು ಬಟ್ಟೆಯಾ ಅನ್ನುತ್ತಾರೆ. ಜೀವಮಾನವೆಲ್ಲ ಕತ್ತರಿ ಹಿಡಿದ ಮನುಷ್ಯ, ಕಣ್ಣಿನ ವಿಷಯ ಬಂದರೆ ಮಗುವಿನ ಹಾಗೆ ಹೆದರುತ್ತಾರೆ. ಹೀಗೇ ಬಿಟ್ಟರೆ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಅದಕ್ಕೆ ಇವರ ಉತ್ತರ: ಧಾರಾವಾಹಿ ಮುಗಿಯಲಿ, ಆಮೇಲೆ ನೋಡೋಣ.

ನೀನು ಹೇಳಿದ ಆ ಸರಣಿ ಕೊಲೆಗಳ ಧಾರಾವಾಹಿಯೇ. ನಾನು ನೋಡಿ ಹೇಳುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಬಾಗಿಲು ಕಿರ್ ಅಂದ ಕೂಡಲೇ ಕಂತು ಮುಗಿಸಿಬಿಡುತ್ತಾರೆ, ಹಾಳಾದವರು. ಮಾರನೇ ದಿನ ಸಂಜೆಯವರೆಗೆ ನಮ್ಮಿಬ್ಬರಿಗೂ ಅದೇ ಚರ್ಚೆ. ಮದುವೆಯಾದ ಹೊಸದರಲ್ಲೂ ಇಷ್ಟು ಮಾತಾಡಿರಲಿಲ್ಲ. ಹಾಗಂತ ಹುಳುಕಿಲ್ಲವೆಂದಲ್ಲ. ಪೊಲೀಸರು ಸ್ವಿಚ್ಚು ಪಕ್ಕದಲ್ಲೇ ಇದ್ದರೂ ಟಾರ್ಚ್ ಹಿಡಿದೇ ಒಳಗೆ ಬರುತ್ತಾರೆ. ಕೊಲೆಗಾರ ಯಾರೆಂದು ಹೇಳದೆಯೇ ಅವನಿಗೆ ಎರಡು ಕಂತಿನಷ್ಟು ಬಾಲ್ಯ, ಕಣ್ಣೀರು, ಪಿಟೀಲು. ಸತ್ತ ಹೆಣ್ಣುಮಕ್ಕಳಿಗೆ ಒಂದು ಮಾತೂ ಇಲ್ಲ; ಬಂದರು, ಕಿರುಚಿದರು, ಹೋದರು. ಯಾರ ಮನೆಯ ಮಗಳೋ, ಯಾರು ಕಾದು ಕೂತಿದ್ದರೋ, ಕೇಳುವವರಿಲ್ಲ. ನನಗೆ ಹೊಟ್ಟೆ ಉರಿಯಿತು. ಆದರೂ ಬಿಡದೆ ನೋಡಿದೆ, ಸುಳ್ಳೇಕೆ ಹೇಳಲಿ.

ಈಗ ಕೇಳು. ಇದನ್ನು ಫೋನಿನಲ್ಲಿ ಹೇಳುವ ಹಾಗಿಲ್ಲ, ಅವರು ಪಕ್ಕದಲ್ಲೇ ಇರುತ್ತಾರೆ. ಕೊನೆಯ ಕಂತಿನಲ್ಲಿ ಕೊಲೆಗಾರ ಯಾರೆಂದುಕೊಂಡೆ? ಕಣ್ಣಿನ ಡಾಕ್ಟರು! ಅದೂ "ಏನೂ ಆಗಲ್ಲ, ಕಣ್ಣು ಮುಚ್ಚಿ" ಅನ್ನುತ್ತಲೇ ಕೊಲ್ಲುವವನು. ನಮ್ಮ ಡಾಕ್ಟರು ನಿಮ್ಮಪ್ಪನಿಗೆ ಹೇಳಿದ್ದೂ ಇದೇ ಮಾತು. ಅವನು ತಪ್ಪೊಪ್ಪಿಕೊಳ್ಳಲು ಶುರು ಮಾಡಿದ್ದೇ ಅಡುಗೆಮನೆಗೆ ಓಡಿ ಖಾಲಿ ಮಿಕ್ಸಿ ತಿರುಗಿಸಿದೆ. ಸದ್ದಡಗಿದ ಮೇಲೆ ಬಂದು, ಕೊಲೆಗಾರ ಮನೆ ಮಾಲೀಕ ಅಂದುಬಿಟ್ಟೆ. ನಮ್ಮ ಮಾಲೀಕರನ್ನು ಕಂಡರೆ ಇವರಿಗೆ ಆಗುವುದಿಲ್ಲವಲ್ಲ, ಬಾಯಿ ತುಂಬ ನಕ್ಕು ಒಪ್ಪಿಕೊಂಡರು. ಆಪರೇಷನ್ನಿನ ಬಗ್ಗೆ ಮಾತ್ರ ಇನ್ನೂ ತುಟಿ ಬಿಚ್ಚಿಲ್ಲ. ನೀನು ಮಾತಾಡುವಾಗ ಬಾಯಿ ತಪ್ಪಿ ಏನಾದರೂ ಅಂದೀಯ, ಜೋಕೆ.

ಮೈಮೇಲೆ ನಿಗಾ ಇರಲಿ. ಬೆಚ್ಚಗೆ ಹೊದ್ದು ಮಲಗು, ತಾಯಿ. ನಿನ್ನ ಕೋಣೆಯ ಗೆಳತಿಗೂ ನನ್ನ ಆಶೀರ್ವಾದ ಹೇಳು.

ನಿನ್ನ
ಅಮ್ಮ

ಮ.ವಿ.: ಲಕೋಟೆ ಅಂಟಿಸುವಾಗ ಅಪ್ಪ ಬಂದು, ಏನು ಬರೆದೆ ಓದು ಅಂದರು. ಕೊಲೆಗಾರನ ಭಾಗ ಹಾರಿಸಿ ಓದಿದೆ. ಮುಗಿದ ಮೇಲೆ ಅಂದರು: "ಆ ಡಾಕ್ಟರೇ ಅಂತ ನಂಗೆ ಯಾವತ್ತೋ ಗೊತ್ತಿತ್ತು ಕಣೇ. ನೀನು ಅಷ್ಟು ಒದ್ದಾಡಿ ಸುಳ್ಳು ಹೇಳ್ತಿದ್ದೆ. ಪಾಪ, ಇವಳು ನನಗಿಂತ ಜಾಸ್ತಿ ಹೆದರಿದಾಳೆ ಅನ್ನಿಸ್ತು." ಸೋಮವಾರದ ಆಪರೇಷನ್ನಿಗೆ ಒಪ್ಪಿದ್ದಾರೆ, ಟೇಪೂ. ಕಣ್ಣಿನ ಪಟ್ಟಿ ಬಿಚ್ಚುವಾಗ ಎದುರಿಗೆ ನಾವಿಬ್ಬರೂ ನಿಂತಿರಬೇಕಂತೆ. ರಜೆ ಕೊಡದಿದ್ದರೆ ಜಗಳ ಮಾಡಿಯಾದರೂ ಬಾ.