ನನ್ನನ್ನು ಆಚೆ ಕಳಿಸಿದ ಫೇಸ್-ಆಫ್

ಸ್ಟೋನಿ ಫೋರ್ಡ್, ಸಸ್ಕಾಚೆವಾನ್
ಸೋಮವಾರ, ೧೦ ಫೆಬ್ರುವರಿ ೧೯೮೬

ಪ್ರೀತಿಯ ತಮ್ಮ ಒರೆಸ್ಟ್,

ನಿನ್ನ ಸೊಂಟನೋವು ಹೇಗಿದೆ? ಆ ಕರಾವಳಿಯ ತೇವಕ್ಕೆ ಹೆಚ್ಚಾಗಿರಬೇಕು. ಇಲ್ಲಿ ಮೈನಸ್ ಮೂವತ್ತೊಂದು, ಆದರೆ ಒಣ ಚಳಿ. ನಾನು ಚೆನ್ನಾಗಿದ್ದೇನೆ, ಮೊಣಕಾಲಿನಿಂದ ಮೇಲಕ್ಕೆ. ನನ್ನ ಅಂಗಡಿಯ ಪೆರೋಗಿ ಕಡುಬು ಮಧ್ಯಾಹ್ನದೊಳಗೇ ಖಾಲಿಯಾಗುತ್ತಿದೆ.

ಈಗ ಸುದ್ದಿ. ಹನ್ನೊಂದು ವರ್ಷದಿಂದ ನಮ್ಮ ಹೆಂಗಸರ ತಂಡಕ್ಕಿದ್ದ ಭಾನುವಾರ ಸಂಜೆಯ ಐಸ್ ಹಾಕಿ ರಿಂಕಿನ ಸರದಿಯನ್ನು ಗಂಡಸರಿಗೆ ಕೊಡಬೇಕೆಂದು ಸಮಿತಿಯಲ್ಲಿ ಮಾತೆದ್ದಿತು. ಎತ್ತಿದವನು ನಿನ್ನ ಹಳೇ ಗೆಳೆಯ ನೆಸ್ಟರ್, ಗಂಡಸರ ತಂಡದಲ್ಲಿ ನಡುವೆ ಆಡುವ ಸೆಂಟರ್. "ಸ್ಟೆಫಾ ಅಕ್ಕಾ, ನೀವು ಐಸ್ ಮೇಲೆ ಹರಟೆ ಹೊಡೀತೀರಿ, ನಾವು ಹಾಕಿ ಆಡ್ತೀವಿ" ಅಂದ. "ಹಾಗಾದ್ರೆ ಒಂದು ಪಂದ್ಯ ಆಡೋಣ ಬಾರಯ್ಯಾ, ಗೆದ್ದೋರಿಗೆ ಭಾನುವಾರ" ಅಂದೆ.

ನಿನ್ನೆ ಆಡಿದೆವು. ಆರು ಸೆಕೆಂಡು ಉಳಿದಾಗ ಮೂರು–ಎರಡರಿಂದ ಮುಂದಿದ್ದೆವು. ಆಟ ಮತ್ತೆ ಶುರುವಾಗುವ ಫೇಸ್-ಆಫ್ ಬಂದದ್ದು ನಮ್ಮ ಗೋಲಿನ ಪಕ್ಕದ ವೃತ್ತಕ್ಕೇ. ನನಗೂ ನೆಸ್ಟರ್‌ಗೂ ನಡುವೆ ರೆಫರಿ ಪಕ್ ಬಿಲ್ಲೆ ಬೀಳಿಸಬೇಕು; ನೆಸ್ಟರ್ ಅದನ್ನು ಹಿಂದಕ್ಕೆಳೆದರೆ ಅವನ ಹಿಂದೆ ನಿಂತವನ ಹೊಡೆತ ನೇರ ಗೋಲಿಗೆ. ನನ್ನ ಆರ್ಡರ್ ಪುಸ್ತಕದ ಹಿಂಬದಿಯಲ್ಲಿ ಎಲ್ಲ ಇದೆ: ಅಭ್ಯಾಸದ ಆಟಗಳಲ್ಲಿ ನೆಸ್ಟರ್ ಎದುರು ಫೇಸ್-ಆಫ್‌ಗೆ ನಿಂತದ್ದು ನಲವತ್ತಮೂರು ಸಲ, ಗೆದ್ದದ್ದು ಒಂಬತ್ತು. ಅದರ ಕೆಳಗೆ: ಎಡಗೈಯವರ ಎದುರು ತಡವರಿಸುತ್ತಾನೆ. ನಮ್ಮ ಎಡಗೈಯವಳು ಅಂಚೆ ಕಚೇರಿಯ ಲೆಸ್ಯಾ, ವೃತ್ತದ ಅಂಚಿನಲ್ಲಿ ನಿಂತಿದ್ದಳು. ಮೊದಲೇ ಅವಳನ್ನು ನಡುವೆ ನಿಲ್ಲಿಸಿದ್ದರೆ ಅವರೂ ಬೇರೆಯವನನ್ನು ಇಳಿಸುತ್ತಿದ್ದರು.

ಅದಕ್ಕೇ ಪಕ್ ಬೀಳುವ ಮೊದಲೇ ಸ್ಟಿಕ್ ಆಡಿಸಿದೆ. ರೆಫರಿ ವಾಲ್ಟರ್ "ಸ್ಟೆಫಾ, ಆಚೆ!" ಎಂದು ಕೂಗಿದ. ಆಟದಿಂದಲ್ಲ, ವೃತ್ತದ ನಡುವಿನಿಂದ ಮಾತ್ರ; ಹಾಗೆ ಕಳಿಸಿದರೆ ಆಗಲೇ ಐಸ್ ಮೇಲಿರುವ ಇನ್ನೊಬ್ಬಳು ಆ ಜಾಗಕ್ಕೆ ಬರಬೇಕು, ಎದುರಿನವರು ಆಗ ಆಳು ಬದಲಿಸುವಂತಿಲ್ಲ. "ವಯಸ್ಸಾಯ್ತಕ್ಕಾ, ಕೈ ನಡುಗ್ತಿದೆ!" ಎಂದು ನೆಸ್ಟರ್ ನಕ್ಕ. ನಗಲಿ. ಲೆಸ್ಯಾಳ ಕಿವಿಯಲ್ಲಿ ಹೇಳಿದೆ: "ಗೆಲ್ಲೋಕೆ ಹೋಗ್ಬೇಡ್ವೇ. ಅವನ ಸ್ಟಿಕ್ ಸಿಕ್ಕಿಸಿ ಹಿಡ್ಕೋ, ಸಾಕು. ನೀನೂ ಅವಸರಪಟ್ರೆ ಪೆನಾಲ್ಟಿ, ಗೊತ್ತಲ್ಲ?"

ಅವಳ ಜಾಗದಲ್ಲಿ ನಾನು ನಿಂತೆ. ಅಲ್ಲಿಂದ ಆ ಹೊಡೆಯುವವನಿಗೆ ನೇರ ದಾರಿ. ಪಕ್ ಬಿತ್ತು, ಸ್ಟಿಕ್‌ಗಳು ಹೆಣೆದುಕೊಂಡವು, ನೆಸ್ಟರ್ ಕೊನೆಗೆ ಕಾಲಿನಿಂದ ಹಿಂದಕ್ಕೆ ತಳ್ಳುವಷ್ಟರಲ್ಲಿ ನಾನು ಹೊಡೆಯುವವನ ಮುಂದಿದ್ದೆ. ಹೊಡೆತ ನನ್ನ ಎಡಗಾಲಿಗೆ ಬಿತ್ತು. ಪಕ್ ಮೂಲೆಗೆ ಹೋಯಿತು, ಆಟ ಮುಗಿದ ಸೈರನ್ ಕೂಗಿತು.

ಇವತ್ತು ನೆಸ್ಟರ್ ಅಂಗಡಿಗೆ ಬಂದು ಒಂದು ತಟ್ಟೆ ಪೆರೋಗಿ ಮುಗಿಸಿ, "ಬೇಕಂತಲೇ ಮಾಡಿದ್ಯಾ?" ಎಂದು ಕೇಳಿದ. ಇನ್ನೊಂದು ತಟ್ಟೆ ಬಡಿಸಿ, ಎರಡಕ್ಕೂ ದುಡ್ಡು ಎಣಿಸಿಕೊಂಡೆ.

ಮನೆಯವರಿಗೆಲ್ಲ ನನ್ನ ನೆನಪು ಹೇಳು. ದೇವರು ನಿನ್ನ ಸೊಂಟ ಕಾಯಲಿ.

ನಿನ್ನ ಅಕ್ಕ,
ಸ್ಟೆಫಾ

ಮ.ಮ.: ಕಾಲಿನ ಮೂಳೆ ಬಿರುಕು ಬಿಟ್ಟಿದೆ. ಡಾಕ್ಟರ್ ಆರು ವಾರ ಐಸ್ ಮುಟ್ಟಬೇಡ ಅಂದರು; ನಾನು ನಾಲ್ಕು ಎಂದು ಬರೆದುಕೊಂಡೆ. "ಹೆಂಗಸರಿಗ್ಯಾಕೆ" ಅಂತ ನೀನು ಹೊತ್ತೊಯ್ದ ಅಪ್ಪನ ಕಾಲುಕವಚ ಅಷ್ಟರೊಳಗೆ ಇಲ್ಲಿರಲಿ. ಭಾನುವಾರ ನಮ್ಮದು.